ನಿರೂಪಣೆಯ ಕನ್ನಡವೂ ಹಾಸ್ಯಪಾತ್ರವೂ: ಅಪರ್ಣಾ ಅವರ ಕಲಾಜೀವನ

ಹಾಸನದ ಸೀಮೆಯಲ್ಲಿ ಕನ್ನಡವನ್ನು ಬೋಧಿಸುವ ಉಪಾಧ್ಯಾಯರಿಗೆ ಹಕಾರದ ತೊಡಕು ಹೊಸದಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸುತ್ತಣ ಹಳ್ಳಿಗಳ ಆಡುಮಾತಿನಲ್ಲಿ ಹಾಲು ‘ಆಲು’ ಆಗುತ್ತದೆ, ಹೂವು ‘ಊವು’ ಆಗುತ್ತದೆ. ಜಿಲ್ಲೆಯ ಹೆಸರೇ ಎಷ್ಟೋ ಜನರ ಬಾಯಲ್ಲಿ ‘ಆಸನ’ವೆಂದಾಗುತ್ತದೆ. ಶಾಲೆಯಲ್ಲಿ ತಿದ್ದಿಸಿಕೊಂಡ ಹುಡುಗನು ಎಚ್ಚರ ಮಿತಿಮೀರಿ ಅಕ್ಕಿಯನ್ನು ‘ಹಕ್ಕಿ’ ಮಾಡಿ, ಸಹಪಾಠಿಗಳ ನಗೆಗೆ ಗುರಿಯಾಗುವುದೂ ಉಂಟು. ತಪ್ಪು ಉಚ್ಚಾರಣೆಯನ್ನು ಕಂಡು ನಗುವುದು ಲೋಕಾರೂಢಿ. ಆದರೆ ಶುದ್ಧವಾದ ಉಚ್ಚಾರಣೆಯಿಂದಲೇ ನಗೆಯನ್ನು ಹುಟ್ಟಿಸಬಹುದೇ, ಹುಟ್ಟಿಸಿದರೆ ಆ ಶುದ್ಧಿಯ ಗೌರವಕ್ಕೆ ಕುಂದುಂಟೇ ಎಂಬುದು ಅಷ್ಟಾಗಿ ವಿಚಾರಕ್ಕೆ ಬಂದಿರುವ ವಿಷಯವಲ್ಲ. ಕನ್ನಡದ ಹೆಸರಾಂತ ನಿರೂಪಕಿಯಾಗಿದ್ದು, ಕಡೆಗಾಲದಲ್ಲಿ ದೂರದರ್ಶನದ ಹಾಸ್ಯನಟಿಯಾಗಿ ಮನೆಮನೆಗೂ ಪರಿಚಿತರಾದ ಅಪರ್ಣಾ ಅವರ ಕಲಾಜೀವನವು ಈ ವಿಚಾರಕ್ಕೆ ಒಳ್ಳೆಯ ಆಧಾರವನ್ನು ಒದಗಿಸುತ್ತದೆ.

ಮೊದಲು ಶುದ್ಧಿಯೆಂಬ ಮಾತಿನ ಮಿತಿಯನ್ನು ನೆನೆಯುವುದು ಯುಕ್ತ. ಹಕಾರವನ್ನು ಬಿಡುವವನನ್ನು ತಿದ್ದುವ ಉಪಾಧ್ಯಾಯನ ಹಕಾರವೂ ಒಂದು ಕಾಲಕ್ಕೆ ಹೊಸಬಳಕೆಯೇ ಆಗಿತ್ತು. ಹಳಗನ್ನಡದ ಪಾಲ್ ನಡುಗನ್ನಡದಲ್ಲಿ ಹಾಲಾಯಿತು, ಪೂ ಹೂವಾಯಿತು. ಸುಮಾರು ಕ್ರಿ. ಶ. ೪೫೦ರದೆಂದು ಹೇಳಲಾಗುವ ಹಲ್ಮಿಡಿ ಶಾಸನವು ದೊರೆತದ್ದು ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. ಏಳನೆಯ ಶತಮಾನದಿಂದ ಮೊದಲಾಗಿ ಸಾವಿರ ವರ್ಷಕ್ಕೂ ಮಿಕ್ಕ ಕಾಲದ ಶಾಸನಗಳನ್ನು ಹೊತ್ತ ಶ್ರವಣಬೆಳಗೊಳವು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದೆ. ಪಕಾರವು ಕ್ರಮಕ್ರಮವಾಗಿ ಹಕಾರಕ್ಕೆ ಎಡೆಗೊಟ್ಟ ಬಗೆಯನ್ನು ಈ ಸೀಮೆಯ ಕಲ್ಲುಗಳಲ್ಲಿಯೇ ಓದಬಹುದು. ಪಾಲ್, ಹಾಲು, ಆಲು ಎಂಬ ಮೂರೂ ಒಂದೇ ಏಣಿಯ ಮೆಟ್ಟಿಲುಗಳು. ನಡುವಣ ಮೆಟ್ಟಿಲೇ ಪ್ರಮಾಣವೆಂದು ನಿಂತದ್ದು ಗ್ರಂಥದ ಬಲದಿಂದ, ಶಾಲೆಯ ಬಲದಿಂದ. ಇಪ್ಪತ್ತನೆಯ ಶತಮಾನದಲ್ಲಿ ಇವೆರಡರ ಜೊತೆಗೆ ಬಾನುಲಿಯ ಬಲವೂ ಕೂಡಿತು.

೧೯೩೫ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ಯೆಂಬ ಹೆಸರು ಬಂತು; ಮುಂದೆ ಆ ಹೆಸರೇ ಭಾರತದ ಬಾನುಲಿಗೆಲ್ಲ ಸಂದಿತು. ಪುಸ್ತಕವು ಕಣ್ಣಿಗೆ ಕಲಿಸುತ್ತದೆ. ಬಾನುಲಿಯು ಕಿವಿಗೆ ಕಲಿಸಿತು. ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಶಕಾರ ಷಕಾರ ಸಕಾರಗಳ ಭೇದ, ವಾಕ್ಯದಲ್ಲಿ ಎಲ್ಲಿ ನಿಲ್ಲಬೇಕು ಎಲ್ಲಿ ಸಾಗಬೇಕು ಎಂಬ ವಿವೇಕ, ಇವೆಲ್ಲ ಬೆತ್ತವಿಲ್ಲದ ಈ ಉಪಾಧ್ಯಾಯನಿಂದ ಊರೂರಿಗೆ ತಲಪಿದವು. ಈ ಪರಂಪರೆಯ ಕೊನೆಗಾಲದಲ್ಲಿ ಬಂದು, ಅದನ್ನು ಬಾನುಲಿಯಿಂದ ದೂರದರ್ಶನಕ್ಕೂ ಸಭಾವೇದಿಕೆಗೂ ಒಯ್ದವರು ಅಪರ್ಣಾ.

ಅವರು ೧೯೬೬ರಲ್ಲಿ ಹುಟ್ಟಿದರು. ಮನೆತನದ ಮೂಲವು ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಪಂಚನಹಳ್ಳಿ; ಹಾಸನ ಜಿಲ್ಲೆಯ ಅರಸೀಕೆರೆ ಸೀಮೆಗೆ ಹೊಂದಿಕೊಂಡ ಪ್ರದೇಶ. ಚಲನಚಿತ್ರಕ್ಕೆ ಅವರನ್ನು ತಂದವರು ನಿರ್ದೇಶಕ ಪುಟ್ಟಣ್ಣ ಕಣಗಾಲರು. ಅಂಬರೀಷ್, ಜಯಂತಿ ಅವರೊಡನೆ ಅಪರ್ಣಾ ಅಭಿನಯಿಸಿದ ‘ಮಸಣದ ಹೂವು’ ಪುಟ್ಟಣ್ಣನವರ ಕಡೆಯ ಚಿತ್ರ. ೧೯೮೫ರ ಜೂನ್‌ನಲ್ಲಿ ಅವರು ತೀರಿಕೊಂಡದ್ದರಿಂದ ಉಳಿದ ಭಾಗವನ್ನು ಕೆ. ಎಸ್. ಎಲ್. ಸ್ವಾಮಿಯವರು ಪೂರೈಸಿದರು. ಹೊಸ ನಟಿಯರನ್ನು ತಿದ್ದಿ ಬೆಳೆಸುವುದರಲ್ಲಿ ಹೆಸರಾಗಿದ್ದ ಗುರುವು ಮೊದಲ ಚಿತ್ರದಲ್ಲಿಯೇ ಇಲ್ಲವಾದದ್ದು ದುರ್ದೈವವೆನ್ನಬೇಕು. ಅನಂತರ ‘ಸಂಗ್ರಾಮ’, ‘ಇನ್ಸ್‌ಪೆಕ್ಟರ್ ವಿಕ್ರಂ’ ಮೊದಲಾದ ಚಿತ್ರಗಳಲ್ಲಿ ಅವರು ಕಾಣಿಸಿಕೊಂಡರಾದರೂ, ಮೊದಲ ಚಿತ್ರವು ತೋರಿಸಿದ ಶಕ್ತಿಗೆ ತಕ್ಕ ಪಾತ್ರಗಳು ಚಿತ್ರರಂಗದಲ್ಲಿ ಒದಗಲಿಲ್ಲ. ಈ ಭಾಗದಲ್ಲಿ ಹೆಚ್ಚು ನಿಲ್ಲಬೇಕಾದ್ದಿಲ್ಲ.

ಅವರ ನಿಜವಾದ ಕ್ಷೇತ್ರವು ಧ್ವನಿಯೆಂಬುದು ಬೇಗನೆ ಸ್ಪಷ್ಟವಾಯಿತು. ತೊಂಬತ್ತರ ದಶಕದಲ್ಲಿ ಅವರು ಬೆಂಗಳೂರು ದೂರದರ್ಶನದ ನಿರೂಪಕಿಯಾದರು. ೧೯೯೩ರಿಂದ ಆಕಾಶವಾಣಿಯ ಎಫ್. ಎಂ. ವಾಹಿನಿಯಲ್ಲಿಯೂ ಕಾರ್ಯಕ್ರಮಗಳನ್ನು ನಡೆಸಿಕೊಟ್ಟರು. ೧೯೯೮ರಲ್ಲಿ ದೀಪಾವಳಿಯ ಕಾರ್ಯಕ್ರಮವೊಂದನ್ನು ಎಂಟು ಗಂಟೆಗಳ ಕಾಲ ಎಡೆಬಿಡದೆ ನಿರೂಪಿಸಿದ್ದನ್ನು ಅವರ ಸಾಧನೆಗಳಲ್ಲಿ ಒಂದಾಗಿ ಹೇಳುವುದುಂಟು. ಎಂಟು ಗಂಟೆಯೆಂಬ ಲೆಕ್ಕಕ್ಕಿಂತ ಅದರ ಹಿಂದಿನ ಶಿಸ್ತು ದೊಡ್ಡದು. ದಣಿದ ನಾಲಗೆಯು ಮೊದಲು ಕೈಬಿಡುವುದು ಮಹಾಪ್ರಾಣವನ್ನು, ಅನಂತರ ಪದಾಂತ್ಯದ ಸ್ವರವನ್ನು. ಇವೆರಡನ್ನೂ ಕೊನೆಯತನಕ ಉಳಿಸಿಕೊಳ್ಳುವುದು ಗಾಯಕನ ಸಾಧನೆಗೆ ಸಮನಾದ ಸಾಧನೆ. ಸರ್ಕಾರದ ಸಮಾರಂಭಗಳಲ್ಲಿ, ಸಾಹಿತ್ಯ ಸಂಗೀತ ಸಭೆಗಳಲ್ಲಿ ಅವರ ನಿರೂಪಣೆಯು ಬೇಡಿಕೆಯ ವಸ್ತುವಾಯಿತು. ‘ಅಪರ್ಣಾ ಮಾತಾಡಿದ ಹಾಗೆ’ ಎಂಬ ಹೋಲಿಕೆಯೇ ಒಂದು ಅಳತೆಗೋಲಾಗುವಷ್ಟು ಅವರ ಉಚ್ಚಾರಣೆಗೆ ಮನ್ನಣೆ ದೊರೆಯಿತು. ಆ ನಡುವೆ ‘ಮೂಡಲ ಮನೆ’, ಟಿ. ಎನ್. ಸೀತಾರಾಂ ಅವರ ‘ಮುಕ್ತ’ ಎಂಬ ಧಾರಾವಾಹಿಗಳಲ್ಲಿಯೂ ಅವರು ಅಭಿನಯಿಸಿದರು. ವಾಸ್ತುಶಿಲ್ಪಿಯೂ ಸಾಹಿತಿಯೂ ಆದ ನಾಗರಾಜ ವಸ್ತಾರೆಯವರು ಅವರ ಪತಿ.

ಇಂಥವರು ೨೦೧೫ರಲ್ಲಿ ಆರಂಭವಾದ ‘ಮಜಾ ಟಾಕೀಸ್’ ಎಂಬ ಹಾಸ್ಯಕಾರ್ಯಕ್ರಮದಲ್ಲಿ ವರಲಕ್ಷ್ಮಿಯೆಂಬ ಪಾತ್ರವನ್ನು ವಹಿಸಿದಾಗ ನೋಡುಗರಿಗೆ ಆಶ್ಚರ್ಯವಾದದ್ದು ಸಹಜ. ಆ ಆಶ್ಚರ್ಯದ ಸ್ವರೂಪವನ್ನು ತಿಳಿಯಲು ಕನ್ನಡ ಹಾಸ್ಯವು ಮಾತನ್ನು ಬಳಸಿಕೊಂಡ ಬಗೆಯನ್ನು ಕೊಂಚ ನೋಡಬೇಕು.

ಟಿ. ಪಿ. ಕೈಲಾಸಂ ಅವರ ನಾಟಕಗಳಲ್ಲಿ ನಗೆಯ ಮುಖ್ಯ ಸಾಧನವು ಇಂಗ್ಲಿಷು ಬೆರೆತ ಮನೆಮಾತು. ಅಲ್ಲಿ ಗ್ರಂಥಭಾಷೆಯನ್ನು ರಂಗದಿಂದ ಕೆಳಗಿಳಿಸಿ, ಜನರು ನಿಜವಾಗಿ ಆಡುವ ಮಾತನ್ನು ಮೇಲಕ್ಕೇರಿಸಲಾಯಿತು. ಹೇಮಾವತಿಯ ದಡದ ಗೊರೂರಿನವರಾದ ರಾಮಸ್ವಾಮಿ ಅಯ್ಯಂಗಾರ್ಯರು ಹಳ್ಳಿಯ ಜನರ ಮಾತಿನ ಜಾಡನ್ನು ಗದ್ಯಕ್ಕೆ ತಂದು ನಗಿಸಿದರು. ಅರಕಲಗೂಡು ಮನೆತನದ ಎ. ಎಸ್. ಮೂರ್ತಿಯವರು ‘ಆಕಾಶವಾಣಿ ಈರಣ್ಣ’ನೆಂದೇ ಪ್ರಸಿದ್ಧರಾದವರು, ೧೯೧೯ರಲ್ಲಿ ಬೆಂಗಳೂರಿನಲ್ಲಿ ಕಲಾಮಂದಿರವನ್ನು ಸ್ಥಾಪಿಸಿದ ಅ. ನ. ಸುಬ್ಬರಾಯರು ಇವರ ತಂದೆ. ಈರಣ್ಣನೆಂಬ ಹೆಸರನ್ನೇ ನೋಡಬಹುದು: ವೀರಣ್ಣನು ವಕಾರವನ್ನು ಕಳೆದುಕೊಂಡು ಈರಣ್ಣನಾಗಿದ್ದಾನೆ. ಶುದ್ಧೋಚ್ಚಾರಣೆಯ ಪೀಠವಾದ ಬಾನುಲಿಯಲ್ಲಿಯೇ ಅಕ್ಷರ ಬಿಟ್ಟ ಹೆಸರಿನವನೊಬ್ಬನು ಜನಪ್ರಿಯನಾದದ್ದು ಸ್ವಾರಸ್ಯವಾದ ಸಂಗತಿ. ಇವರೆಲ್ಲರ ಮಾರ್ಗವೂ ಒಂದೇ. ಪ್ರಮಾಣಭಾಷೆಯಿಂದ ಆಡುಮಾತಿಗೆ ಇಳಿಯುವುದು. ಇನ್ನೊಂದು ಮಾತೂ ಇದೆ. ಕೈಲಾಸಂ ಕಾಲದ ಹವ್ಯಾಸಿ ರಂಗದಲ್ಲಿ ಹೆಣ್ಣಿನ ಪಾತ್ರವನ್ನು ಗಂಡಸರು ವಹಿಸುವುದು ವಾಡಿಕೆಯಾಗಿತ್ತು. ಹೆಂಗಸಿನ ಮಾತಿನ ಹಾಸ್ಯವೆಂಬುದು ಬಹುಕಾಲ ಗಂಡಸಿನ ಅನುಕರಣೆಯಾಗಿಯೇ ಉಳಿದಿತ್ತು.

ದೂರದರ್ಶನದ ಸನ್ನಿವೇಶಹಾಸ್ಯವು ಹುಟ್ಟಿ ಬೆಳೆದದ್ದು ಅನ್ಯದೇಶಗಳಲ್ಲಿ. ಅದರ ರೂಪವನ್ನು ಅಮೆರಿಕೆಯಲ್ಲಿ ಬಹುಮಟ್ಟಿಗೆ ಸ್ಥಿರಪಡಿಸಿದವರು ಲೂಸಿಲ್ ಬಾಲ್ ಎಂಬ ನಟಿ. ೧೯೧೧ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಜೇಮ್ಸ್‌ಟೌನಿನಲ್ಲಿ ಹುಟ್ಟಿದ ಈಕೆಯೂ ಚಲನಚಿತ್ರದಲ್ಲಿ ಅನೇಕ ವರ್ಷ ದುಡಿದು ಎರಡನೆಯ ಸಾಲಿನಲ್ಲಿಯೇ ಉಳಿದಿದ್ದವರು. ಈಕೆಗೂ ದಾರಿ ತೋರಿದ್ದು ಬಾನುಲಿಯೇ. ೧೯೪೮ರಿಂದ ಬಾನುಲಿಯಲ್ಲಿ ನಡೆದ ಹಾಸ್ಯಸರಣಿಯೊಂದರ ಯಶಸ್ಸಿನಿಂದ ದೂರದರ್ಶನದ ಕರೆ ಬಂದಾಗ, ಪತಿಯ ಪಾತ್ರಕ್ಕೆ ತನ್ನ ನಿಜವಾದ ಪತಿ, ಕ್ಯೂಬಾ ದೇಶದ ದೇಸಿ ಆರ್ನಾಜ್ ಅವರೇ ಬೇಕೆಂದು ಆಕೆ ಹಟ ಹಿಡಿದರು. ಅವರ ಇಂಗ್ಲಿಷಿನಲ್ಲಿದ್ದ ಪರದೇಶದ ಧಾಟಿಯನ್ನು ಜನ ಒಪ್ಪಲಾರರೆಂದು ಪ್ರಸಾರಸಂಸ್ಥೆಯು ಹಿಂಜರಿಯಿತು. ದಂಪತಿಗಳು ೧೯೫೦ರಲ್ಲಿ ಊರೂರಿನ ರಂಗಗಳಲ್ಲಿ ಒಟ್ಟಾಗಿ ಅಭಿನಯಿಸಿ, ಜನ ಒಪ್ಪುವರೆಂಬುದನ್ನು ತೋರಿಸಿಕೊಟ್ಟರು. ೧೯೫೧ರಿಂದ ೧೯೫೭ರವರೆಗೆ ನಡೆದ ‘ಐ ಲವ್ ಲೂಸಿ’ಯು ಹೀಗೆ ಬಂದದ್ದು; ನೋಡುಗರ ಎದುರಿಗೇ ಅಭಿನಯಿಸಿ, ಮೂರು ಛಾಯಾಯಂತ್ರಗಳಿಂದ ಒಮ್ಮೆಗೇ ಚಿತ್ರಿಸುವ ಅದರ ಕ್ರಮವು ಮುಂದಿನ ಹಾಸ್ಯಸರಣಿಗಳಿಗೆ ಮಾದರಿಯಾಯಿತು. ಈ ಸರಣಿಯಲ್ಲಿ ಮಾತಿನ ಹಾಸ್ಯವು ಬಹುಪಾಲು ಗಂಡನ ಉಚ್ಚಾರಣೆಯ ಪಾಲಿಗೆ ಬಂತು. ಹೆಂಡತಿಯ ಹಾಸ್ಯವು ಮುಖದಲ್ಲಿ, ಕೈಕಾಲಿನಲ್ಲಿ, ಎಡವಟ್ಟಿನಲ್ಲಿ ಇತ್ತು.

ಅಪರ್ಣಾ ಅವರ ವರಲಕ್ಷ್ಮಿಯು ಇವೆರಡು ದಾರಿಗಳಿಗೂ ಸೇರಿದವಳಲ್ಲ. ‘ಮಜಾ ಟಾಕೀಸ್’ ಶುದ್ಧಾಂಗವಾದ ಸನ್ನಿವೇಶಹಾಸ್ಯವೂ ಅಲ್ಲ. ಮನೆಯಂತೆ ಕಟ್ಟಿದ ರಂಗಸಜ್ಜಿಕೆ, ಸ್ಥಿರವಾದ ಪಾತ್ರಗಳು, ವಾರವಾರವೂ ಬರುವ ಅತಿಥಿಗಳು, ಎದುರಿಗೆ ಕುಳಿತ ಪ್ರೇಕ್ಷಕರು. ಅರ್ಧ ನಾಟಕ, ಅರ್ಧ ಸಂಭಾಷಣೆ. ಅದರ ಸೂತ್ರಧಾರ ಸೃಜನ್ ಲೋಕೇಶ್ ಅವರು ನಟ ಲೋಕೇಶ್ ಮತ್ತು ಗಿರಿಜಾ ಲೋಕೇಶ್ ದಂಪತಿಗಳ ಮಗ. ೧೯೩೪ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ನಾಯಕರಾಗಿದ್ದ ಸುಬ್ಬಯ್ಯ ನಾಯ್ಡು ಅವರ ಮೊಮ್ಮಗ. ಇಂಥ ರಂಗದಲ್ಲಿ ವರಲಕ್ಷ್ಮಿಯು ತನ್ನನ್ನು ತಾನೇ ‘ಒನ್ ಅಂಡ್ ಓನ್ಲಿ’ ಎಂದು ಇಂಗ್ಲಿಷಿನಲ್ಲಿ ಹೊಗಳಿಕೊಳ್ಳುವ ಆತ್ಮಪ್ರಶಂಸೆಯ ಮೂರ್ತಿ.

ಹಾಸ್ಯದ ಮರ್ಮವು ಇಲ್ಲಿಯೇ ಇದೆ. ಈ ಬಡಾಯಿಯನ್ನು ಬೇರೆ ನಟಿಯೊಬ್ಬಳು ಕೊಚ್ಚಿದ್ದರೆ ಅದು ಕೈಲಾಸಂ ಪರಂಪರೆಯ ಮತ್ತೊಂದು ಬೆರಕೆಮಾತಾಗುತ್ತಿತ್ತು, ಅಷ್ಟೇ. ಆದರೆ ನೋಡುಗನ ಕಿವಿಯಲ್ಲಿ ಇಪ್ಪತ್ತು ವರ್ಷಗಳಿಂದ ನೆಲಸಿದ್ದ ಧ್ವನಿ ಅದು. ರಾಜ್ಯೋತ್ಸವದ ಸಭೆಯಲ್ಲಿ ಗಣ್ಯರನ್ನು ವೇದಿಕೆಗೆ ಕರೆದ ಧ್ವನಿ. ಅದೇ ಗಾಂಭೀರ್ಯದ ಏರಿಳಿತದಲ್ಲಿ, ಅದೇ ಅಚ್ಚುಕಟ್ಟಾದ ಅಕ್ಷರಗಳಲ್ಲಿ, ಈಗ ಅತಿಥಿಗೆ ಬದಲಾಗಿ ತನ್ನನ್ನೇ ಸ್ತುತಿಸಿಕೊಳ್ಳುವುದನ್ನು ಕೇಳಿದಾಗ, ನಿರೂಪಣೆಯೆಂಬ ಕಲೆಯ ಗುಟ್ಟೊಂದು ಬಯಲಾಗುತ್ತದೆ: ಹೊಗಳಿಕೆಯ ಮಾತಿಗೆ ಗೌರವ ಬರುವುದು ಅನೇಕ ವೇಳೆ ಅರ್ಥದಿಂದಲ್ಲ, ಉಚ್ಚಾರಣೆಯಿಂದ. ನಗೆಯಾಡಿದಾಗಲೂ ಅವರು ಅಕ್ಷರವನ್ನು ನುಂಗಲಿಲ್ಲ. ಧಾಟಿಯನ್ನು ಹಿಗ್ಗಿಸಿದರು, ಸ್ವರವನ್ನು ಎಳೆದರು, ವರ್ಣವನ್ನು ಕೆಡಿಸಲಿಲ್ಲ. ಆಡುಮಾತಿಗೆ ಇಳಿದು ನಗಿಸುವುದು ಪೂರ್ವಿಕರ ಮಾರ್ಗವಾದರೆ, ಪ್ರಮಾಣಭಾಷೆಯನ್ನು ಇನ್ನೂ ಒಂದು ಮೆಟ್ಟಿಲು ಮೇಲಕ್ಕೇರಿಸಿ ಅದರ ಎತ್ತರವನ್ನೇ ನಗೆಗೀಡುಮಾಡಿದ್ದು ಇವರ ಮಾರ್ಗ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಶಿಷ್ಟವಾದ ಉಚ್ಚಾರಣೆಯು ಮೊದಲೇ ಕುಗ್ಗುತ್ತಿರುವ ಕಾಲದಲ್ಲಿ, ಅದರ ಪ್ರತಿನಿಧಿಯೇ ಅದನ್ನು ನಗೆಯ ವಸ್ತುವಾಗಿಸಿದರೆ ಶಾಲೆಯ ಹುಡುಗನು ಏನನ್ನು ಕಲಿತಾನು? ೨೦೧೩ರಲ್ಲಿ ‘ಬಿಗ್ ಬಾಸ್’ ಎಂಬ ಸ್ಪರ್ಧೆಯಲ್ಲಿ ಅವರು ಭಾಗವಹಿಸಿದಾಗಲೂ ಇಂಥ ಸಂದೇಹ ಪಡಬಹುದಾಗಿತ್ತು. ಆಕ್ಷೇಪವು ಹಗುರವಾದದ್ದಲ್ಲ. ಆದರೆ ಅಕ್ಕಿ ಹಕ್ಕಿಗಳಲ್ಲಿ ಎಡವಿದ ಹುಡುಗನ ಕಡೆಯಿಂದ ನೋಡಿದರೆ ಬೇರೆಯೇ ತೋರುತ್ತದೆ. ಅವನಿಗೆ ಪ್ರಮಾಣಭಾಷೆಯು ಇದುವರೆಗೆ ತನ್ನನ್ನು ನೋಡಿ ನಗುವ ಭಾಷೆಯಾಗಿತ್ತು. ಅದು ತನ್ನನ್ನು ತಾನೇ ನೋಡಿ ನಗಬಲ್ಲುದೆಂಬುದನ್ನು ಅವನು ಕಂಡದ್ದು ವರಲಕ್ಷ್ಮಿಯ ಬಾಯಲ್ಲಿ. ಭಯವು ಹೋದಲ್ಲಿ ಅನುಕರಣೆ ಬರುತ್ತದೆ. ವರಲಕ್ಷ್ಮಿಯನ್ನು ಅಣಕಿಸಬೇಕಾದ ಹುಡುಗಿಯೂ ಮೊದಲು ಅವಳ ಮಹಾಪ್ರಾಣಗಳನ್ನು ಸರಿಯಾಗಿ ಉಚ್ಚರಿಸಲೇಬೇಕು, ಇಲ್ಲವಾದರೆ ಅಣಕವೇ ಕೈಗೂಡದು. ತರಗತಿಯಲ್ಲಿ ಉಚ್ಚಾರಣೆಯನ್ನು ತಿದ್ದುವವರು ಈ ಉಪಾಯವನ್ನು ಪರೀಕ್ಷಿಸಿ ನೋಡಬಹುದು.

ಅಧ್ಯಯನಕ್ಕೆ ಇರುವ ಅಡ್ಡಿ ಬೇರೆ ಕಡೆಯದು. ಕೈಲಾಸಂ ಅವರ ಮಾತು ಅಚ್ಚಾಗಿದೆ, ಗೊರೂರರದೂ ಅಚ್ಚಾಗಿದೆ. ವಾಕ್ಯವನ್ನು ಬಿಡಿಸಿ ಚರ್ಚಿಸಬಹುದು. ನಿರೂಪಕಿಯ ಮಾತಿಗೆ ಗ್ರಂಥವಿಲ್ಲ. ಲೂಸಿಲ್ ಬಾಲ್ ಅವರ ಸರಣಿಯನ್ನು ಚಲನಚಿತ್ರದ ಸುರುಳಿಯ ಮೇಲೆಯೇ ಚಿತ್ರಿಸಿದ್ದರಿಂದ, ಆಕೆ ೧೯೮೯ರಲ್ಲಿ ತೀರಿಕೊಂಡ ಮೇಲೆಯೂ ಅದು ಮೊದಲಿನ ಸ್ಪಷ್ಟತೆಯಲ್ಲಿಯೇ ಪರಿಶೀಲನೆಗೆ ಒದಗುತ್ತಿದೆ. ಗಂಟೆಗಟ್ಟಲೆಯ ಸಭಾನಿರೂಪಣೆಯು ಆಡಿದ ಗಳಿಗೆಯಲ್ಲಿಯೇ ಗಾಳಿಗೆ ಸಲ್ಲುವ ಕಲೆ. ಅದರಲ್ಲಿ ಉಳಿದದ್ದೆಲ್ಲ ಚೂರುಪಾರು.

ಅಪರ್ಣಾ ಅವರು ಶ್ವಾಸಕೋಶದ ಕ್ಯಾನ್ಸರಿನಿಂದ ೨೦೨೪ರ ಜುಲೈ ೧೧ರಂದು ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರಿಗೆ ೫೭ ವರ್ಷ. ಉಸಿರಿನ ಹದವನ್ನೇ ಕಲೆಯನ್ನಾಗಿ ಮಾಡಿಕೊಂಡವರಿಗೆ ಬಂದ ರೋಗವು ಇದು. ಬೆಂಗಳೂರಿನ ‘ನಮ್ಮ ಮೆಟ್ರೋ’ ರೈಲಿನ ಕನ್ನಡ ಪ್ರಕಟಣೆಗಳಿಗೆ ಅವರು ಮೊದಲೇ ಧ್ವನಿ ನೀಡಿದ್ದರು. ನಿಲ್ದಾಣದ ಹೆಸರು, ಬಾಗಿಲು ತೆರೆಯುವ ಪಕ್ಕ, ಪ್ರಯಾಣಿಕರಿಗೆ ಎಚ್ಚರಿಕೆ. ವಿಶೇಷಣವೊಂದೂ ಇಲ್ಲದ, ಯಾರನ್ನೂ ಹೊಗಳದ ವಾಕ್ಯಗಳು ಅವು. ಅವರು ತೀರಿಕೊಂಡ ಮರುದಿನ ಬೆಳಗ್ಗೆಯೂ ರೈಲುಗಳಲ್ಲಿ ಆ ವಾಕ್ಯಗಳು ಎಂದಿನಂತೆ ಕೇಳಿಬಂದವು.