ಬ್ಯಾಟರಿ ಹೊಸದು, ತಂತಿ ಹಳೆಯದು

ಕಳೆದ ರಮಝಾನ್‌ನ ಒಂದು ಸಹರಿಯ ಹೊತ್ತು. ಇಟಗಿಯಲ್ಲಿ ಕರೆಂಟು ಹೋಗಿತ್ತು. ಒಳಕೋಣೆಯಲ್ಲಿ ಉಬ್ಬಸದ ಅಮ್ಮಿ ನೆಬ್ಯುಲೈಸರ್ ಹಚ್ಚಿಕೊಂಡು ಕುಳಿತಿದ್ದರು. ಅಡುಗೆಮನೆಯಲ್ಲಿ ನನ್ನ ಪತ್ನಿ ಚಟ್ನಿಗೆಂದು ಮಿಕ್ಸರ್ ತಿರುಗಿಸಿದಳು. ಮರುಕ್ಷಣ ಇಡೀ ಮನೆ ಕತ್ತಲು. ನೆಬ್ಯುಲೈಸರ್ ನಿಂತಿತು. ಕತ್ತಲಲ್ಲಿ ಕೇಳುತ್ತಿದ್ದುದು ಅಮ್ಮಿಯ ಏದುಸಿರು ಮಾತ್ರ.

ಹದಿನೈದು ದಿನದ ಹಿಂದಷ್ಟೇ, ಚೀಟಿ ಎತ್ತಿದ ಹಣದಲ್ಲಿ ಹೊಸ ಲಿಥಿಯಂ ಬ್ಯಾಟರಿ ತಂದಿದ್ದೆವು. ಅಂಗಡಿಯ ಹುಡುಗ ಹಳೆಯದನ್ನು ಬಿಚ್ಚಿ, ಅದೇ ವೈರಿಗೆ ಹೊಸದನ್ನು ಜೋಡಿಸಿ ಹೋಗಿದ್ದ. ಹತ್ತು ನಿಮಿಷದ ಕೆಲಸ. ಟಾರ್ಚು ಹಿಡಿದು ಇನ್ವರ್ಟರನ್ನು ಮತ್ತೆ ಚಾಲೂ ಮಾಡಿದಾಗ ಪತ್ನಿ ಮೆಲ್ಲಗೆ ಕೇಳಿದಳು: "ನಾನು ಮಿಕ್ಸರ್ ಹಾಕಿದ್ದೇ ತಪ್ಪಾಯಿತೇ?"

ಮರುದಿನ ಬಂದ ಎಲೆಕ್ಟ್ರಿಷಿಯನ್ ಆ ಪ್ರಶ್ನೆಗೆ ಉತ್ತರ ಕೊಟ್ಟರು. "ಅಕ್ಕಾರದ್ದೂ ತಪ್ಪಲ್ಲ, ಬ್ಯಾಟರೀದೂ ತಪ್ಪಲ್ಲ ಮಾಸ್ತರ. ವೈರಿಂಗಿಂದ ತಪ್ಪು."

ಒಳಗೊಬ್ಬ ಕಾವಲುಗಾರ

ಸೀಸ ಮತ್ತು ಆಮ್ಲದ ಹಳೆಯ ಬ್ಯಾಟರಿ ಸಹನೆಯುಳ್ಳದ್ದು. ಮಿಕ್ಸರ್ ಹಾಕಿದರೆ ದೀಪ ಒಂದು ಕ್ಷಣ ಮಂಕಾಗುತ್ತಿತ್ತು, ಅಷ್ಟೆ. ಲಿಥಿಯಂ ಬ್ಯಾಟರಿಯೊಳಗೆ ಮಾತ್ರ ಬಿ.ಎಂ.ಎಸ್. ಎಂಬ ಸಣ್ಣ ವಿದ್ಯುತ್ ಫಲಕ ಕಾವಲಿಗಿದೆ. ಮಿತಿ ಮೀರಿ ಕರೆಂಟು ಎಳೆದರೆ, ವೋಲ್ಟೇಜು ಅತಿಯಾಗಿ ಏರಿದರೆ ಅಥವಾ ಇಳಿದರೆ ಅದು ಬ್ಯಾಟರಿಯನ್ನೇ ಬಂದ್ ಮಾಡುತ್ತದೆ. ನಮ್ಮ ಬ್ಯಾಟರಿಯ ಮಿತಿ 100 ಆಂಪಿಯರ್. 750 ವ್ಯಾಟಿನ ಮಿಕ್ಸರ್ ಓಡುವಾಗ ಸುಮಾರು 65 ಆಂಪಿಯರ್ ಎಳೆಯುತ್ತದೆ. ಆರಂಭದ ಕ್ಷಣದಲ್ಲಿ ಯಾವುದೇ ಮೋಟಾರು ಅದರ ಹಲವು ಪಟ್ಟು ಕೇಳುತ್ತದೆ. ಕಾವಲುಗಾರ ತನ್ನ ಕೆಲಸ ಮಾಡಿದ್ದ. ಇಡೀ ಮನೆಯನ್ನು ಒಂದೇ ಇನ್ವರ್ಟರ್ ಲೈನಿಗೆ ಕಟ್ಟಿದ್ದರಿಂದ ಮಿಕ್ಸರಿನ ಜೊತೆ ಅಮ್ಮಿಯ ಯಂತ್ರವೂ ನಿಂತಿತ್ತು.

ಎಲೆಕ್ಟ್ರಿಷಿಯನ್ ಬ್ಯಾಟರಿಯ ವೈರನ್ನು ಮುಟ್ಟಿ ನೋಡಲು ಹೇಳಿದರು. ಬಿಸಿಯಾಗಿತ್ತು. ತುದಿಯ ಲಗ್ಗಿನ ಮೇಲೆ ಹಳೆಯ ಆಮ್ಲದ ಬಿಳಿ ಪುಡಿ. ಪಕ್ಕದ ರಬ್ಬರು ಮೆತ್ತಗಾಗಿತ್ತು. ಇನ್ನೂ ಕೆಲವು ದಿನ ಬಿಟ್ಟಿದ್ದರೆ ಬೆಂಕಿ ಹತ್ತಬಹುದಿತ್ತು.

ಇದರ ಲೆಕ್ಕ ಸರಳ. 600 ವ್ಯಾಟಿನ ಸಾಮಾನು 230 ವೋಲ್ಟಿನ ಗೋಡೆಯ ವೈರಿನಲ್ಲಿ ಎಳೆಯುವುದು ಎರಡೂವರೆ ಆಂಪಿಯರ್ ಚಿಲ್ಲರೆ. ಅದೇ ಸಾಮಾನು 12 ವೋಲ್ಟಿನ ಬ್ಯಾಟರಿಯಿಂದ 50 ಆಂಪಿಯರ್ ಎಳೆಯುತ್ತದೆ. ಕರೆಂಟು ಇಮ್ಮಡಿಯಾದರೆ ವೈರಿನ ಶಾಖ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ಬ್ಯಾಟರಿಯ ವೈರು ದಪ್ಪವಾಗಿ ಮತ್ತು ಗಿಡ್ಡವಾಗಿ ಇರಬೇಕು, ಜೋಡಣೆ ಬಿಗಿಯಾಗಿರಬೇಕು.

ನಾವು ಮಾಡಿಸಿದ್ದೇನು?

ಮೊದಲನೆಯದಾಗಿ, ಬ್ಯಾಟರಿಗೆ 25 ಚದರ ಮಿಲಿಮೀಟರಿನ ಹೊಸ ತಾಮ್ರದ ಕೇಬಲ್ಲು, ಹೊಸ ಲಗ್ಗುಗಳು. ಎರಡನೆಯದಾಗಿ, ಬ್ಯಾಟರಿಯ ಪಾಸಿಟಿವ್ ತುದಿಗೆ ಅಂಟಿಕೊಂಡಂತೆಯೇ ಡಿಸಿಗೆಂದೇ ತಯಾರಾದ ಫ್ಯೂಸು. ಗೋಡೆಯ ಬೋರ್ಡಿಗೆ ಬಳಸುವ ಸಾಮಾನ್ಯ ಎಂಸಿಬಿ ಇಲ್ಲಿ ಸಲ್ಲದು. ಡಿಸಿ ಕರೆಂಟಿನ ಕಿಡಿಯನ್ನು ಅದು ಸರಿಯಾಗಿ ಆರಿಸಲಾರದು. ಮೂರನೆಯದಾಗಿ, ಇನ್ವರ್ಟರಿನ ಸೆಟ್ಟಿಂಗನ್ನು ಟ್ಯೂಬ್ಯುಲರ್‌ನಿಂದ ಲಿಥಿಯಂಗೆ ಬದಲಾಯಿಸಿದರು. ನಾಲ್ಕು ಸೆಲ್ಲುಗಳ ಈ ಬ್ಯಾಟರಿಗೆ 14.6 ವೋಲ್ಟೇ ಮೇಲಿನ ಗಡಿ. ಆಮ್ಲದ ಬ್ಯಾಟರಿಗೆ ಆಗಾಗ ಕೊಡುವ 15 ವೋಲ್ಟು ಮೀರಿದ ಚಾರ್ಜು ಇದಕ್ಕೆ ಹಾನಿಕರ. ಲಿಥಿಯಂ ಸೆಟ್ಟಿಂಗೇ ಇಲ್ಲದ ಇನ್ವರ್ಟರಾಗಿದ್ದರೆ ಅದನ್ನೂ ಬದಲಿಸಬೇಕಾಗುತ್ತಿತ್ತು.

ನಾಲ್ಕನೆಯದೇ ಮುಖ್ಯ. ಮನೆಯ ಲೈನನ್ನು ಎರಡಾಗಿ ಒಡೆದರು. ದೀಪ, ಫ್ಯಾನು, ಅಮ್ಮಿಯ ಪ್ಲಗ್ಗು ಇನ್ವರ್ಟರಿಗೆ; ಮಿಕ್ಸರ್, ಇಸ್ತ್ರಿ, ಫ್ರಿಜ್ಜು ಹೊರಗಿನ ಕರೆಂಟಿಗೆ ಮಾತ್ರ. ಈಗ 100 ಆಂಪಿಯರ್-ಅವರ್‌ನ ಬ್ಯಾಟರಿ ಎರಡು ಫ್ಯಾನು, ನಾಲ್ಕು ಎಲ್‌ಇಡಿ ದೀಪ ಮತ್ತು ಕಾಲು ಗಂಟೆಯ ನೆಬ್ಯುಲೈಸರಿಗೆ ನಾಲ್ಕೂವರೆ ಗಂಟೆ ಸಾಕಾಗುತ್ತದೆ.

ವಿದೇಶಗಳಲ್ಲಿ ವ್ಯಾನನ್ನೇ ಮನೆ ಮಾಡಿಕೊಂಡು ತಿರುಗುವವರೂ ಇದೇ ಪಾಠ ಕಲಿತಿದ್ದಾರೆ. ಬ್ಯಾಟರಿ ಮಾತ್ರ ಬದಲಿಸಿದವರ ವಾಹನದಲ್ಲಿ, ಲಿಥಿಯಂ ಎಳೆಯುವ ಭಾರೀ ಕರೆಂಟಿಗೆ ಇಂಜಿನ್ನಿನ ಡೈನಮೊ ಕಾದು ಸುಟ್ಟುಹೋಗುವುದುಂಟು. ಹಾಗಾಗಿ ಅವರು ಕರೆಂಟಿಗೆ ಮಿತಿ ಹಾಕುವ ಬೇರೆ ಚಾರ್ಜರನ್ನು ನಡುವೆ ಜೋಡಿಸುತ್ತಾರೆ.

ಈ ಬ್ಯಾಟರಿಯ ಹಿಂದೆ ಹಲವು ದೇಶಗಳ ದುಡಿಮೆಯಿದೆ. ಲಿಥಿಯಂ ಅಯಾನ್ ಬ್ಯಾಟರಿಗಾಗಿ 2019ರ ರಸಾಯನಶಾಸ್ತ್ರದ ನೊಬೆಲ್ ಪಡೆದವರು ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ. ಅದರೊಳಗಿನ ಗ್ರ್ಯಾಫೈಟ್ ಧ್ರುವದ ದಾರಿ ತೋರಿದವರು ಮೊರಾಕ್ಕೊದ ಫೆಸ್ ನಗರದಲ್ಲಿ ಹುಟ್ಟಿದ ರಶೀದ್ ಯಝಮಿ. 2014ರಲ್ಲಿ ಅಮೆರಿಕದ ಡ್ರೇಪರ್ ಪ್ರಶಸ್ತಿ ಹಂಚಿಕೊಂಡ ನಾಲ್ವರಲ್ಲಿ ಅವರೂ ಒಬ್ಬರು. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲದಲ್ಲೂ ಲಿಥಿಯಂ ಅದಿರಿನ ಕುರುಹು ಸಿಕ್ಕಿದೆ.

ಹಳೆಯ ಬ್ಯಾಟರಿಯ ಬಗ್ಗೆಯೂ ಎಚ್ಚರವಿರಲಿ. ಅದರಲ್ಲಿರುವ ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ವಿಷ. ಅದನ್ನು ಹಿತ್ತಲಲ್ಲಿ ಬಿಸಾಡಬೇಡಿ, ಒಡೆದು ಕರಗಿಸುವವರಿಗೆ ಮಾರಬೇಡಿ. ಹೊಸದನ್ನು ಕೊಳ್ಳುವಾಗ ಅಂಗಡಿಗೇ ಹಿಂದಿರುಗಿಸಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಅದರ ಸಂಗ್ರಹಣೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹೊಸ ಬ್ಯಾಟರಿಯನ್ನು ಒಲೆಯ ಪಕ್ಕದಲ್ಲಾಗಲಿ, ಕಾಯುವ ತಗಡಿನ ಮಾಡಿನ ಕೆಳಗಾಗಲಿ ಇಡಬೇಡಿ.

ಸಹೋದರಿಯರೇ, ಕರೆಂಟು ಹೋದಾಗ ಮನೆಯಲ್ಲಿರುವವರು ಹೆಚ್ಚಾಗಿ ನೀವೇ. ಆದರೆ ಯಾವ ಪ್ಲಗ್ಗು ಯಾವ ಲೈನಿನಲ್ಲಿದೆ ಎಂದು ನಿಮಗೆ ಹೇಳುವವರಿಲ್ಲ. ನಾನೂ ಹೇಳಿರಲಿಲ್ಲ. ಏನಾದರೂ ಕೆಟ್ಟರೆ ಮಾತ್ರ "ಏನು ಹಾಕಿದೆ?" ಎಂಬ ಪ್ರಶ್ನೆ ನಿಮಗೇ ಬರುತ್ತದೆ. ವೈರಿಂಗ್ ಮಾಡುವವರು ಬಂದಾಗ ಪಕ್ಕದಲ್ಲಿ ನಿಂತು ಕೇಳಿ: ಫ್ಯೂಸು ಎಲ್ಲಿದೆ? ಬ್ಯಾಟರಿಯ ಮಿತಿಯೆಷ್ಟು? ಯಾವುದನ್ನು ಹಾಕಬಾರದು? ಬಂದ್ ಮಾಡುವುದು ಹೇಗೆ?

ನಮ್ಮ ಸ್ವಿಚ್ ಬೋರ್ಡಿನ ಪಕ್ಕ ಈಗೊಂದು ಚೀಟಿ ಅಂಟಿಸಿದೆ. ಆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳನ್ನು ಅದರಲ್ಲಿ ಬರೆದವಳು ನನ್ನ ಪತ್ನಿ. ಮೊನ್ನೆ ರಾತ್ರಿ ಮತ್ತೆ ಕರೆಂಟು ಹೋಯಿತು. ಅಮ್ಮಿಯ ಯಂತ್ರ ನಿಲ್ಲಲಿಲ್ಲ. ಅಡುಗೆಮನೆಯಿಂದ ಒರಳುಕಲ್ಲಿನ ಸದ್ದು ಕೇಳುತ್ತಿತ್ತು.