ಅನೃತವೂ ಮೌನವೂ

ಯಾವ ಸಂದರ್ಭದಲ್ಲಿಯೂ ಅಪವಾದವನ್ನೊಪ್ಪದ ಕೆಲವು ನಿಷೇಧಗಳುಂಟೆಂಬುದು ಕಥೋಲಿಕ ನೀತಿಶಾಸ್ತ್ರದ ಸಿದ್ಧಾಂತ. ಪ್ರಾಣರಕ್ಷಣೆಗಾಗಿ ಸುಳ್ಳಾಡಬಹುದೇ ಎಂಬ ಪ್ರಶ್ನೆಯಲ್ಲಿ ಇದರ ಕಾಠಿನ್ಯವು ಎದ್ದು ಕಾಣುವುದು. ಸಂತ ಅಗಸ್ಟೀನನು ಸುಮಾರು ಕ್ರಿ.ಶ. 395ರಲ್ಲಿ ಅನೃತವನ್ನು ಕುರಿತು ಬರೆದ ಗ್ರಂಥದಲ್ಲಿ, ಉತ್ತರ ಆಫ್ರಿಕದ ತಗಾಸ್ತೆಯ ಬಿಷಪನಾಗಿದ್ದ ಫಿರ್ಮನ ವೃತ್ತಾಂತವನ್ನು ಹೇಳಿರುವನು. ತನ್ನನ್ನು ಮರೆಹೊಕ್ಕವನೊಬ್ಬನನ್ನು ಅರಸಿ ಚಕ್ರವರ್ತಿಯ ಅಧಿಕಾರಿಗಳು ಬಂದಾಗ ಫಿರ್ಮನು ಸುಳ್ಳನ್ನೂ ಆಡಲಿಲ್ಲ, ಅವನಿರುವೆಡೆಯನ್ನೂ ತಿಳಿಸಲಿಲ್ಲ, ಚಿತ್ರಹಿಂಸೆಯನ್ನು ಸಹಿಸಿದನು. ಕಡೆಗೆ ಚಕ್ರವರ್ತಿಯೇ ಮೆಚ್ಚಿ ಆ ಶರಣಾಗತನನ್ನು ಕ್ಷಮಿಸಿದನಂತೆ. ಕಥೆಯು ಸುಖಾಂತವಾದ ಮಾತ್ರಕ್ಕೆ ವಾದವು ಗೆದ್ದಂತಾಗದು.

ಇಲ್ಲಿ ಮೌನಕ್ಕಿರುವ ಅವಕಾಶವನ್ನು ಗಮನಿಸಬೇಕು. ಸುಳ್ಳಾಡದಿರುವುದು ಸರ್ವದಾ ವಿಧಿ. ಕೇಳಿದವರಿಗೆಲ್ಲ ನಿಜವನ್ನು ಹೇಳುವುದು ವಿಧಿಯಲ್ಲ. 13ನೆಯ ಶತಮಾನದ ತೋಮಸ್ ಅಕ್ವಿನಾಸನೂ ಅನೃತವೆಲ್ಲವೂ ಪಾಪವೆನ್ನುತ್ತಲೇ, ವಿವೇಕದಿಂದ ಸತ್ಯವನ್ನು ಮರೆಮಾಡಬಹುದೆಂದು ಒಪ್ಪಿರುವನು. ಆದರೆ ಮೌನವೇ ಉತ್ತರವಾಗಿಬಿಡುವಲ್ಲಿ ಸಿಕ್ಕಿಬಿದ್ದವನ ಸಂಕಟವು ಇದರಿಂದ ತೀರುವುದೆಂತು? ಸಭೆಯ ಪಾಠಗಳಲ್ಲಿಯೂ ಈ ತೊಡಕಿನ ಗುರುತುಂಟು. 1992ರ ಧರ್ಮೋಪದೇಶಗ್ರಂಥವು, ಸತ್ಯವನ್ನರಿಯುವ ಹಕ್ಕುಳ್ಳವನನ್ನು ತಪ್ಪುದಾರಿಗೆಳೆಯಲು ಆಡುವ ಮಾತೇ ಅನೃತವೆಂದು ಲಕ್ಷಣವನ್ನು ಹೇಳಿದ್ದಿತು. 1997ರ ಲತೀನ್ ಪಾಠದಲ್ಲಿ ಹಕ್ಕಿನ ಆ ವಿಶೇಷಣವನ್ನು ಕೈಬಿಡಲಾಯಿತು.