ಮರಳಿ ಬಂದ ಸರಕಾರ

ಕಾಳೀ ಮತ್ತು ಪಾಂಡರಿ ನದಿಗಳು ಕೂಡುವೆಡೆಯಲ್ಲಿ, ಒಂದು ಕಾಲಕ್ಕೆ ತಾಲೂಕಿನ ಕೇಂದ್ರವಾಗಿದ್ದ ಸೂಪಾ ಎಂಬ ಊರು, ಎಂಬತ್ತರ ದಶಕದಲ್ಲಿ, ನಾಡಿಗೆ ವಿದ್ಯುತ್ತನ್ನೀಯುವ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ನೆಲೆ ಕಳೆದುಕೊಂಡ ಅನೇಕ ಕುಟುಂಬಗಳು ರಾಮನಗರದಲ್ಲಿ ಹೊಸ ಬಾಳನ್ನು ಕಟ್ಟಿಕೊಂಡವು. ಅದೇ ದಶಕದಲ್ಲಿ ಕರ್ನಾಟಕವು, ಆಳುತ್ತಿದ್ದ ಪಕ್ಷವನ್ನೇ ಮತ್ತೆ ಅಧಿಕಾರಕ್ಕೆ ಕಳುಹಿಸಿದ ಅಪೂರ್ವವಾದ ಚುನಾವಣೆಯೊಂದನ್ನು ಕಂಡಿತು.

1983ರಲ್ಲಿ 224 ಸ್ಥಾನಗಳ ವಿಧಾನಸಭೆಯಲ್ಲಿ ಕೇವಲ 95ನ್ನು ಗಳಿಸಿದ ಜನತಾ ಪಕ್ಷವು ಇತರರ ಬೆಂಬಲದಿಂದ ಸರಕಾರ ರಚಿಸಿದಾಗ ಮುಖ್ಯಮಂತ್ರಿಯಾದವರು ಸೂಪಾ ಇದ್ದ ಜಿಲ್ಲೆಯದೇ ಆದ ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು. ಇಂದಿರಾ ಗಾಂಧಿಯವರ ಹತ್ಯೆಯ ತರುವಾಯ, 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ಸಿನ ಪಾಲಾದವು. ಜನರ ವಿಶ್ವಾಸ ತಮಗಿನ್ನೂ ಉಂಟೋ ಇಲ್ಲವೋ ಎಂಬುದನ್ನು ಜನರಿಂದಲೇ ಅರಿಯಬೇಕೆಂದು ಹೆಗಡೆಯವರು ರಾಜೀನಾಮೆಯಿತ್ತು ವಿಧಾನಸಭೆಯ ವಿಸರ್ಜನೆಯನ್ನು ಬಯಸಿದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನಗಳನ್ನಿತ್ತರು. ಅದೇ ಜಿಲ್ಲೆಯ ಹಳಿಯಾಳ ಕ್ಷೇತ್ರವೂ 1983ರಂತೆಯೇ ಆ ಪಕ್ಷದ ಆರ್. ವಿ. ದೇಶಪಾಂಡೆಯವರನ್ನು ಆರಿಸಿತು.

ಮೂರೇ ತಿಂಗಳಲ್ಲಿ ಜನಮನ ಚಂಚಲವಾಯಿತೆಂದು ಇದನ್ನು ಭಾವಿಸುವುದು ತಪ್ಪು. ದೇಶದ ದುಃಖದಲ್ಲಿ ಭಾಗಿಯಾದ ಮತದಾರನೇ, ರಾಜ್ಯದ ಪ್ರಶ್ನೆ ಬಂದಾಗ, ಹೆಗಡೆಯವರ ಸಚಿವ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗಳಲ್ಲಿ ಕೊರೆಯಿಸಿದ ಕೊಳವೆಬಾವಿಗಳನ್ನೂ, 1984ರ ಲೋಕಾಯುಕ್ತ ಕಾಯಿದೆಯನ್ನೂ ಬೇರೆಯೇ ತಕ್ಕಡಿಯಲ್ಲಿಟ್ಟು ತೂಗಿದನೆಂದು ನಾನು ನಂಬುತ್ತೇನೆ. ಕೊಡ ಹೊತ್ತು ದೂರ ನಡೆಯುತ್ತಿದ್ದ ಹೆಂಗಸಿಗೆ ಊರಿನೊಳಗೆ ನೀರು ದೊರೆತುದು ಅವಳು ತಾನೇ ಪರೀಕ್ಷಿಸಬಲ್ಲ ಸಾಕ್ಷ್ಯ.

ಆದರೆ ಹಾಗೆ ಕೊಟ್ಟ ಅಧಿಕಾರ ಶಾಶ್ವತವಾದ ದತ್ತಿಯಲ್ಲ. ಒಳಜಗಳಗಳಿಂದ ಕ್ಷೀಣಿಸಿದ ಜನತಾ ಪರಿವಾರವನ್ನು 1989ರಲ್ಲಿ ಜನರು ನಿರಾಕರಿಸಿ ಕಾಂಗ್ರೆಸ್ಸಿಗೆ 178 ಸ್ಥಾನಗಳನ್ನಿತ್ತರು; ಅಂದಿನಿಂದ 2023ರವರೆಗಿನ ಯಾವ ವಿಧಾನಸಭಾ ಚುನಾವಣೆಯಲ್ಲಿಯೂ ಆಳುವ ಪಕ್ಷ ಸ್ವಂತ ಬಹುಮತದೊಡನೆ ಮರಳಿಲ್ಲ.

ಆಳುವವರನ್ನು ಬದಲಿಸುವುದು ಪ್ರಜೆಯ ಹಕ್ಕು. ಉಳಿಸಿಕೊಳ್ಳುವುದೂ ಹಕ್ಕೇ, ಅದರಲ್ಲಿ ಒಂದು ವಿಶೇಷ ಪ್ರಯೋಜನವೂ ಉಂಟು. ಹೊಸ ಸರಕಾರವು ಹಳೆಯ ಮಾತಿಗೆ ತಾನು ಹೊಣೆಯಲ್ಲವೆಂದು ಹೇಳಿ ನುಣುಚಿಕೊಳ್ಳಬಹುದು; ಮರಳಿ ಬಂದ ಸರಕಾರಕ್ಕೆ ಆ ದಾರಿಯಿಲ್ಲ. ನಾಡಿನ ದೀಪಕ್ಕಾಗಿ ಮನೆಮಠಗಳನ್ನು ನೀರಿಗೆ ಬಿಟ್ಟುಕೊಟ್ಟ ಸೂಪಾದಂತಹ ಊರಿನವರಿಗೆ, ಕೊಟ್ಟ ಮಾತನ್ನು ಕೊಟ್ಟವರೆದುರಿಗೇ ನಿಂತು ಕೇಳುವ ಅವಕಾಶ ಸಣ್ಣದಲ್ಲ.